‘ಬೆಡಗು’ – ಪದವಿಚಾರ ಮತ್ತು ವಚನವಿಚಾರ

(೧)

ವಚನವಾಙ್ಮಯದಲ್ಲಿ ಸಾಮಾನ್ಯ ವಾಚಕನು ಮುಟ್ಟದೆ ಬಿಡುವ ಭಾಗವೊಂದಿದ್ದರೆ ಅದು ಬೆಡಗಿನ ವಚನಗಳು. ಬಸವಣ್ಣನವರ ವಚನಗಳು ಮನೆಮನೆಯ ಮಾತಾಗಿವೆ. ಅಕ್ಕಮಹಾದೇವಿಯ ವಚನಗಳು ಗಾಯಕರ ಕಂಠದಲ್ಲಿ ನೆಲೆಸಿವೆ. ಆದರೆ ಅಲ್ಲಮಪ್ರಭುದೇವರ ಬೆಡಗಿನ ವಚನವೊಂದು ಎದುರಾದೊಡನೆ ಭಕ್ತನು ಕೈಮುಗಿದು ಮುಂದಿನ ಪುಟಕ್ಕೆ ಹೋಗುತ್ತಾನೆ. ವಿದ್ಯಾರ್ಥಿಯು ಪರೀಕ್ಷೆಯನ್ನು ನೆನೆದು ಪುಟದ ಕೆಳಗಣ ಟಿಪ್ಪಣಿಗೆ ಇಳಿಯುತ್ತಾನೆ. ಒಬ್ಬನಿಗೆ ಅದು ತನಗೆ ನಿಲುಕದ ರಹಸ್ಯ. ಮತ್ತೊಬ್ಬನಿಗೆ ಉತ್ತರವನ್ನು ಮೊದಲೇ ಒದಗಿಸಿರುವ ಒಗಟು. ನಿಜವಾಗಿ ನೋಡಿದರೆ ಇಬ್ಬರೂ ವಚನವನ್ನು ಓದಲಿಲ್ಲ.

ಈ ಎರಡು ನಿಲುವುಗಳೂ ‘ಬೆಡಗು’ ಎಂಬ ಮಾತನ್ನು ನಾವು ಗ್ರಹಿಸಿರುವ ರೀತಿಯಿಂದ ಹುಟ್ಟಿವೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಪದವೊಂದರ ಚರಿತ್ರೆಯಿಂದ ಅನುಭಾವದ ಮರ್ಮ ತಿಳಿದೀತೇ ಎಂದು ಕೆಲವರು ಶಂಕಿಸಬಹುದು. ಮರ್ಮವು ತಿಳಿಯಲಾರದು, ಆದರೆ ಮರ್ಮಕ್ಕೆ ಹೋಗುವ ದಾರಿಯಲ್ಲಿ ನಾವೇ ಹಾಕಿಕೊಂಡ ಬೇಲಿ ಯಾವುದು ಎಂಬುದು ತಿಳಿದೀತು. ಆದಕಾರಣ ಮೊದಲು ಪದವನ್ನು, ಅನಂತರ ಆ ಹೆಸರಿನಿಂದ ಕರೆಯಲ್ಪಡುವ ವಚನಗಳನ್ನು ವಿಚಾರಮಾಡೋಣ.

(೨)

ಹಳಗನ್ನಡದಲ್ಲಿ ಈ ಪದದ ರೂಪ ‘ಬೆಡಂಗು’. ‘ತೊಡಂಗು’ ಎಂಬುದು ‘ತೊಡಗು’ ಎಂದೂ, ‘ಅಡಂಗು’ ಎಂಬುದು ‘ಅಡಗು’ ಎಂದೂ ಆದಂತೆ, ನಡುವಣ ಅನುನಾಸಿಕವು ಬಿದ್ದುಹೋಗಿ ‘ಬೆಡಗು’ ಎಂದು ನಿಂತಿತು. ಚೆಲುವು, ಸೊಗಸು, ಒಯ್ಯಾರ ಎಂಬುವು ಇದರ ಅರ್ಥಗಳು. ಆದರೆ ಹುಟ್ಟಿನಿಂದ ಬಂದ ಚೆಲುವಿಗಿಂತ ಕುಶಲತೆಯಿಂದ, ನಡೆಯಿಂದ, ಕೈಚಳಕದಿಂದ ತೋರುವ ಚೆಲುವಿನ ಕಡೆಗೆ ಇದು ಹೆಚ್ಚು ವಾಲುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಸತ್ಯಾಶ್ರಯನಿಗೆ (ಆಳ್ವಿಕೆ ೯೯೭–೧೦೦೮) ‘ಇಱಿವಬೆಡಂಗ’ ಎಂಬ ಬಿರುದಿತ್ತು. ರನ್ನನು ‘ಗದಾಯುದ್ಧ’ದಲ್ಲಿ ಭೀಮನೊಡನೆ ಸಮೀಕರಿಸಿ ಹೊಗಳಿರುವುದು ಈ ದೊರೆಯನ್ನೇ. ರಣರಂಗದಲ್ಲಿ ಇರಿಯುವವನನ್ನು ಬೆಡಂಗನೆಂದು ಕರೆಯುವಾಗ ಅಲ್ಲಿ ಮುಖಲಕ್ಷಣದ ಮಾತು ಬರುವುದಿಲ್ಲ. ಶತ್ರುವೂ ಮಿತ್ರನೂ ಕಣ್ಣರಳಿಸಿ ನಿಲ್ಲುವಂತಹ ಆಯುಧಪ್ರಯೋಗದ ಚಾತುರ್ಯವೇ ಅಲ್ಲಿಯ ಬೆಡಂಗು. ೧೨ನೆಯ ಶತಮಾನದ ಶರಣರ ಕೈಗೆ ಬರುವುದಕ್ಕೆ ಮೊದಲೇ ಈ ಮಾತಿನಲ್ಲಿ ಚೆಲುವು, ಚಾತುರ್ಯ, ಅಚ್ಚರಿ ಮೂರೂ ಕೂಡಿಕೊಂಡಿದ್ದವು ಎನ್ನುವುದಕ್ಕೆ ಈ ಒಂದು ಬಿರುದು ಸಾಕು.

ಇನ್ನು ಬೆಡಗಿನ ಜೊತೆಗೆ ಯಾವಾಗಲೂ ನಡೆದುಬರುವ ಮಾತು ‘ಬಿನ್ನಾಣ’. ‘ಬೆಡಗುಬಿನ್ನಾಣ’ ಎಂಬ ಜೋಡುನುಡಿಯನ್ನು ಇಂದು ನಾವು ಸೋಗು, ವೈಯಾರ, ಮನ ಸೆಳೆಯುವ ಆಟ ಎಂಬ ಅರ್ಥದಲ್ಲಿ, ತುಸು ತಾತ್ಸಾರವನ್ನೂ ಬೆರೆಸಿ ಆಡುತ್ತೇವೆ. ಆದರೆ ಬಿನ್ನಾಣದ ಮೂಲವನ್ನು ಕೆದಕಿದರೆ ದೊರೆಯುವುದು ‘ವಿಜ್ಞಾನ’. ವಿಜ್ಞಾನದ ತದ್ಭವವೇ ಬಿನ್ನಣ, ಬಿನ್ನಾಣ. ಹಳಗನ್ನಡದಲ್ಲಿ ಬಿನ್ನಣವೆಂದರೆ ಕೌಶಲ. ಬಿನ್ನಾಣಿ ಎಂದರೆ ತನ್ನ ಕಸುಬನ್ನು ಬಲ್ಲ ನಿಪುಣ. ವಿಶೇಷವಾದ ತಿಳಿವು ಕೈಗೆ ಇಳಿದಾಗ ಕಸುಬಾಯಿತು. ಕಸುಬು ಕಣ್ಣಿಗೆ ಬಿದ್ದಾಗ ಸೊಗಸಾಯಿತು. ಸೊಗಸು ತನ್ನನ್ನೇ ಮೆರೆಸಿಕೊಂಡಾಗ ಸೋಗಾಯಿತು. ಒಂದೇ ಮಾತು ತಿಳಿವಿನಿಂದ ಹೊರಟು ತೋರಿಕೆಯವರೆಗೆ ಇಳಿದ ಈ ಬಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿವೇಚನೆಗೆ ಇದು ಆಧಾರ.

ಅಚ್ಚರಿಯನ್ನು ಸೂಚಿಸುವ ನಮ್ಮ ಇತರ ಮಾತುಗಳಲ್ಲಿಯೂ ಇಂತಹ ಪಯಣಗಳಿವೆ. ‘ವಿಚಿತ್ರ’ವು ಸಂಸ್ಕೃತದಲ್ಲಿ ಹಲವು ಬಣ್ಣಗಳಿಂದ ಕೂಡಿದ್ದು, ಸುಂದರವಾದದ್ದು, ಇಂದಿನ ಕನ್ನಡದಲ್ಲಿ ‘ವಿಚಿತ್ರ ಮನುಷ್ಯ’ ಎಂದರೆ ಮೆಚ್ಚುಗೆಯೇನೂ ಅಲ್ಲ. ‘ಚೋದ್ಯ’ವು ಶಾಸ್ತ್ರಗ್ರಂಥಗಳಲ್ಲಿ ಪ್ರತಿವಾದಿಯು ಎತ್ತುವ ಪ್ರಶ್ನೆ, ಅದೇ ಕಾವ್ಯದಲ್ಲಿ ಆಶ್ಚರ್ಯವಾಯಿತು, ತದ್ಭವವಾಗಿ ‘ಸೋಜಿಗ’ವಾಯಿತು. ಪ್ರಶ್ನೆಯೇ ಅಚ್ಚರಿಯಾಗುವ ಈ ಸಂಬಂಧವು ಅರ್ಥಗರ್ಭಿತವಾದದ್ದು. ‘ಬೆರಗು’ ಎಂಬುದು ಮಾತ್ರ ಬೇರೆ ಜಾತಿಯದು. ಬೆಡಗು ಕಾಣುವ ವಸ್ತುವಿನಲ್ಲಿಯೋ ಕೇಳುವ ಮಾತಿನಲ್ಲಿಯೋ ಇರುತ್ತದೆ. ಬೆರಗು ಕಂಡವನಲ್ಲಿ, ಕೇಳಿದವನಲ್ಲಿ ಉಂಟಾಗುತ್ತದೆ. ಬೆಡಗಿನ ವಚನವು ತನ್ನ ಕೆಲಸವನ್ನು ಮಾಡಿತೇ ಇಲ್ಲವೇ ಎಂಬುದನ್ನು ಕೇಳಿದವನಲ್ಲಿ ಬೆರಗು ಮೂಡಿತೇ ಎಂಬುದರಿಂದಲೇ ಅಳೆಯಬೇಕು.

(೩)

ಇಲ್ಲಿ ಕ್ಷಣಕಾಲ ಇಂಗ್ಲಿಷಿನ ಕಡೆಗೆ ತಿರುಗುವುದು ಅಪ್ರಸ್ತುತವಾಗಲಾರದು. ನಮ್ಮ ವಚನಗಳು ಆ ಭಾಷೆಗೆ ಹೋಗುತ್ತಿರುವ ಈ ಕಾಲದಲ್ಲಿ ಅಲ್ಲಿಯ ಪದಗಳ ಚರಿತ್ರೆಯೂ ನಮಗೆ ಕನ್ನಡಿಯಾಗಬಲ್ಲದು.

ಅಪರಿಚಿತವಾದದ್ದನ್ನು ಸೂಚಿಸುವ ಇಂಗ್ಲಿಷಿನ ಸಾಮಾನ್ಯ ಪದ ‘ಸ್ಟ್ರೇಂಜ್’. ಇದರ ಮೂಲ ಲ್ಯಾಟಿನ್ನಿನ ‘ಎಕ್ಸ್‌ಟ್ರೇನಿಯಸ್’, ಎಂದರೆ ಹೊರಗಿನದು. ಊರಿನ ಗಡಿಯಾಚೆಯಿಂದ ಬಂದವನು ಮೊದಲು ಪರಕೀಯ, ಆಮೇಲೆ ವಿಚಿತ್ರ. ಇದು ಸಹಜವಾದ ಬೆಳವಣಿಗೆ. ‘ಅನ್‌ಕೂತ್’ ಎಂಬ ಮತ್ತೊಂದು ಪದವಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ತಿಳಿಯದ್ದು’ ಎಂದಷ್ಟೇ. ಅನಂತರ ಅದು ವಿಚಿತ್ರವೆಂದಾಗಿ, ಈಗ ಒರಟು, ಅನಾಗರಿಕ ಎಂಬಲ್ಲಿಗೆ ಬಂದು ನಿಂತಿದೆ. ತಿಳಿಯದ್ದು ವಿಚಿತ್ರವೆನಿಸುವುದೂ ಸಹಜವೇ.

ಅಚ್ಚರಿಯ ಸಂಗತಿ ಎಂದರೆ ‘ಕ್ವೇಂಟ್’ ಎಂಬ ಮೂರನೆಯ ಪದ. ಇದರ ಮೂಲ ಲ್ಯಾಟಿನ್ನಿನ ‘ಕಾಗ್ನಿಟಸ್’, ಅರ್ಥ ‘ತಿಳಿದದ್ದು’. ಫ್ರೆಂಚ್ ಭಾಷೆಯ ಮಾರ್ಗವಾಗಿ ೧೩ನೆಯ ಶತಮಾನದ ಹೊತ್ತಿಗೆ ಇದು ಇಂಗ್ಲಿಷಿಗೆ ಬಂದಾಗ ಬಲ್ಲವನು, ಜಾಣ, ಯುಕ್ತಿವಂತ ಎಂಬ ಅರ್ಥವಿತ್ತು. ಆಮೇಲೆ ಜಾಣ್ಮೆಯಿಂದ ಕೆತ್ತಿದ್ದು, ಸೊಗಸಾಗಿ ಮಾಡಿದ್ದು ಎಂದಾಯಿತು. ೧೪ನೆಯ ಶತಮಾನದಲ್ಲಿ ವಿಲಕ್ಷಣವಾದದ್ದು, ಅಪೂರ್ವವಾದದ್ದು ಎಂಬ ಅರ್ಥವೂ ಬಳಕೆಯಲ್ಲಿತ್ತು. ೧೮ನೆಯ ಶತಮಾನದ ಕೊನೆಗೆ ಹಳೆಯ ಕಾಲದ ಮುದ್ದಾದ ವಸ್ತು ಎಂಬ ಹಗುರವಾದ ಅರ್ಥಕ್ಕೆ ಇಳಿದು ಇಂದಿಗೂ ಅಲ್ಲಿಯೇ ಇದೆ. ತಿಳಿವು, ಕೌಶಲ, ಸೊಗಸು, ವೈಚಿತ್ರ್ಯ, ಕೊನೆಗೆ ಬರಿಯ ಅಲಂಕಾರ: ಇದು ನಮ್ಮ ಬೆಡಗುಬಿನ್ನಾಣವು ನಡೆದ ದಾರಿಯೇ ಅಲ್ಲವೇ? ಸಾಮ್ಯವು ಇಷ್ಟಕ್ಕೇ ಮುಗಿಯುವುದಿಲ್ಲ. ಕಾಗ್ನಿಟಸ್‌ನಲ್ಲಿರುವ ಧಾತುವೂ ವಿಜ್ಞಾನದಲ್ಲಿರುವ ‘ಜ್ಞಾ’ ಧಾತುವೂ ಒಂದೇ ಮೂಲದವು ಎಂಬುದು ಭಾಷಾಶಾಸ್ತ್ರದಲ್ಲಿ ಸಿದ್ಧವಾದ ಸಂಗತಿ. ಅನ್‌ಕೂತ್ ಪದದಲ್ಲಿಯೂ ಅದೇ ಧಾತುವಿದೆ. ಹಾಗಾದರೆ ಒಂದೇ ಧಾತುವಿನಿಂದ ಹುಟ್ಟಿದ ‘ತಿಳಿದದ್ದು’ ಮತ್ತು ‘ತಿಳಿಯದ್ದು’ ಎಂಬ ಎರಡು ಮಾತುಗಳೂ ಕೊನೆಗೆ ‘ವಿಚಿತ್ರ’ ಎಂಬ ಒಂದೇ ಜಾಗದಲ್ಲಿ ಸಂಧಿಸಿದವು.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು. ವೈಚಿತ್ರ್ಯವು ಎರಡು ಬಗೆ. ತಿಳಿಯದ್ದು ಹೊರಗಿನಿಂದ ಬಂದು ವಿಚಿತ್ರವೆನಿಸುವುದು ಒಂದು. ಚೆನ್ನಾಗಿ ತಿಳಿದದ್ದೇ ಒಂದು ದಿನ ತಿಳಿಯದಂತಾಗಿ ವಿಚಿತ್ರವೆನಿಸುವುದು ಇನ್ನೊಂದು. ಮೊದಲನೆಯದು ತಿಳಿವು ಬಂದೊಡನೆ ಕರಗಿಹೋಗುತ್ತದೆ. ಎರಡನೆಯದು ತಿಳಿವು ಹೆಚ್ಚಿದಷ್ಟೂ ಆಳವಾಗುತ್ತದೆ. ಬೆಡಗಿನ ವಚನಗಳ ವೈಚಿತ್ರ್ಯವು ಈ ಎರಡನೆಯ ಬಗೆಯದು ಎಂಬುದೇ ಈ ಲೇಖನದ ಪ್ರತಿಪಾದನೆ.

(೪)

ಬೆಡಗನ್ನು ಒಗಟಿನಿಂದಲೂ ರೂಪಕದಿಂದಲೂ ಬೇರ್ಪಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಹಲಸಿನ ಹಣ್ಣನ್ನೋ ಅಡಕೆಯ ಮರವನ್ನೋ ಮರೆಮಾಚಿ ಕೇಳುವ ಒಗಟುಗಳು ಬೇಕಾದಷ್ಟಿವೆ. ಒಗಟಿನಲ್ಲಿ ಕೇಳುವವನಿಗೆ ಉತ್ತರ ಗೊತ್ತಿರುತ್ತದೆ, ಹೇಳುವವನು ಹುಡುಕುತ್ತಾನೆ. ಉತ್ತರ ದೊರೆತೊಡನೆ ನಗು ಬರುತ್ತದೆ, ಒಗಟು ಮುಗಿಯುತ್ತದೆ. ಬಿಡಿಸಿದ ಒಗಟನ್ನು ಮತ್ತೆ ಕೇಳಿದರೆ ಸ್ವಾರಸ್ಯವಿಲ್ಲ. ರೂಪಕದ ಬಗೆ ಇದಕ್ಕಿಂತ ಬೇರೆ. ಪ್ರಭುದೇವರು ತೋಟಗಾರನಾದ ಗೊಗ್ಗಯ್ಯನಿಗೆ ಹೇಳುವ ಪ್ರಸಿದ್ಧವಾದ ವಚನದಲ್ಲಿ ದೇಹವು ತೋಟವಾಗುತ್ತದೆ, ಮನಸ್ಸು ಅಗೆಯುವ ಸಾಧನವಾಗುತ್ತದೆ. ಅಲ್ಲಿ ಯಾವುದು ಯಾವುದಕ್ಕೆ ಸಮಾನವೆಂಬುದನ್ನು ವಚನವೇ ತಿಳಿಸುತ್ತದೆ. ಬೀಗವೂ ಬೀಗದ ಕೈಯೂ ಒಂದೇ ಕಡೆ ಇವೆ. ಗೊಗ್ಗಯ್ಯನಿಗೆ ತನ್ನ ಕಾಯಕದ ಮಾತಿನಲ್ಲಿಯೇ ಉಪದೇಶ ದೊರೆಯಿತು. ಅದು ಬೆಡಗಲ್ಲ, ಆಗಬೇಕಾಗಿಯೂ ಇರಲಿಲ್ಲ.

ಬೆಡಗಿನ ವಚನದಲ್ಲಿ ಯಾವುದು ಯಾವುದಕ್ಕೆ ಸಮಾನವೆಂದು ಹೇಳಿರುವುದಿಲ್ಲ. ಪ್ರಶ್ನೆಯನ್ನೂ ಕೇಳಿರುವುದಿಲ್ಲ. ‘ಹೀಗಾಯಿತು, ಇದನ್ನು ಕಂಡೆ’ ಎಂದು ಕಂಡದ್ದನ್ನು ಕಂಡಹಾಗೆ ಹೇಳುವ ಧಾಟಿ ಅಲ್ಲಿಯದು. ಹೇಳಿದ ಸಂಗತಿ ಮಾತ್ರ ಲೋಕದಲ್ಲಿ ನಡೆಯತಕ್ಕದ್ದಲ್ಲ. ಚಿಕ್ಕದು ದೊಡ್ಡದನ್ನು ನುಂಗುತ್ತದೆ, ನೀರು ಉರಿಯುತ್ತದೆ, ಸತ್ತದ್ದು ನಡೆಯುತ್ತದೆ. ಕೊನೆಯಲ್ಲಿ ಗುಹೇಶ್ವರನ ಹೆಸರು ಬಂದು ಮಾತು ನಿಲ್ಲುತ್ತದೆ, ಕೇಳಿದವನು ಅಲ್ಲಿಯೇ ಉಳಿಯುತ್ತಾನೆ. ಒಗಟಿನಂತೆ ಒಮ್ಮೆ ಬಿಡಿಸಿ ಕೆಳಗಿಡುವುದಕ್ಕೆ ಇದು ಒಪ್ಪುವುದಿಲ್ಲ. ಎಷ್ಟು ಸಲ ಕೇಳಿದರೂ ಕೇಳಿದವನು ಬೆಳೆದಷ್ಟು ಅದೂ ಬೆಳೆಯುತ್ತದೆ.

ಈ ಬಗೆಯ ನುಡಿ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಪೂರ್ವಭಾರತದ ಬೌದ್ಧಸಿದ್ಧರ ಚರ್ಯಾಪದಗಳನ್ನು ಹರಪ್ರಸಾದ ಶಾಸ್ತ್ರಿಗಳು ೧೯೦೭ರಲ್ಲಿ ನೇಪಾಳದಲ್ಲಿ ಕಂಡುಹಿಡಿದು ೧೯೧೬ರಲ್ಲಿ ಪ್ರಕಟಿಸಿದರು. ಆ ನುಡಿಯ ಹೆಸರಿನ ಬಗ್ಗೆಯೇ ವಿದ್ವಾಂಸರಲ್ಲಿ ವಿವಾದವೆದ್ದಿತು. ಶಾಸ್ತ್ರಿಗಳು ಅದನ್ನು ಬೆಳಕು ಕತ್ತಲೆ ಕೂಡಿದ ‘ಸಂಧ್ಯಾಭಾಷೆ’ ಎಂದರು. ವಿಧುಶೇಖರ ಭಟ್ಟಾಚಾರ್ಯರು ೧೯೨೮ರಲ್ಲಿ ಅದು ಒಳ ಅಭಿಪ್ರಾಯವನ್ನು ಗುರಿಯಿಟ್ಟ ‘ಸಂಧಾಭಾಷೆ’ ಎಂದು ವಾದಿಸಿದರು. ಕಬೀರರ ‘ಉಲಟ್‌ಬಾನ್ಸಿ’ ಎಂದರೆ ತಿರುವುಮುರುವಾದ ನುಡಿ. ನಮ್ಮಲ್ಲಿಯೇ ಕನಕದಾಸರ ಮುಂಡಿಗೆಗಳಿವೆ; ಶಿಶುನಾಳ ಶರೀಫರ (೧೮೧೯–೧೮೮೯) ತತ್ತ್ವಪದಗಳಿವೆ. ಆದರೆ ಹೆಸರುಗಳನ್ನು ಹೋಲಿಸಿ ನೋಡಿ. ಸಂಧ್ಯೆ ಎಂದವರು ಮಬ್ಬನ್ನು ಕಂಡರು. ಸಂಧಾ ಎಂದವರು ಗುರಿಯನ್ನು ಕಂಡರು. ಉಲಟಾ ಎಂದವರು ತಲೆಕೆಳಗಾದುದನ್ನು ಕಂಡರು. ಕನ್ನಡದವರು ಮಾತ್ರ ಅದಕ್ಕೆ ಚೆಲುವಿನ ಹೆಸರಿಟ್ಟರು. ಈ ಹೆಸರು ವಚನಗಳ ಸಂಕಲನ ಮತ್ತು ಟೀಕೆಗಳ ಪರಂಪರೆಯಲ್ಲಿ ನೆಲೆಯೂರಿದ್ದು. ಅದನ್ನು ಬಳಕೆಗೆ ತಂದವರಿಗೆ ಈ ವಚನಗಳು ತೊಡಕಾಗಿ ಕಂಡಂತೆಯೇ ಸೊಗಸಾಗಿಯೂ ಕಂಡಿರಬೇಕು. ಹರಿಹರನ ರಗಳೆಯಲ್ಲಿಯೂ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಅಲ್ಲಮರು ಮದ್ದಳೆಯ ಬಿನ್ನಾಣಿಯಾಗಿ ಕಾಣಿಸಿಕೊಳ್ಳುತ್ತಾರೆ ಎಂಬುದನ್ನು ಇಲ್ಲಿ ನೆನೆಯಬಹುದು. ಪೆಟ್ಟು ಎಲ್ಲಿ ಬೀಳುವುದೆಂದು ಕೇಳುಗನು ಎಣಿಸಿರುತ್ತಾನೋ ಅಲ್ಲಿ ಬೀಳದೆ, ತಾಳವನ್ನು ಮಾತ್ರ ತಪ್ಪದೆ ನುಡಿಸುವ ಕೈಯ ಬೆಡಗು ಈ ವಚನಗಳಲ್ಲಿದೆ.

(೫)

ಈಗ ಒಂದು ಚೋದ್ಯವನ್ನು ಎದುರಿಸಬೇಕು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಕನ್ನಡವನ್ನು ಬೋಧಿಸಿದ ನನಗೆ ಇದನ್ನು ಮೊದಲು ಕೇಳಿದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ‘ಎಲ್ಲರಿಗೂ ತಿಳಿಯಲಿ ಅಂತ ಶರಣರು ಕನ್ನಡದಲ್ಲಿ ಹೇಳಿದರು ಅಂತ ಹಿಂದಿನ ಪಾಠದಲ್ಲಿ ಹೇಳಿದಿರಿ, ಸಾರ್. ಹಾಗಾದರೆ ಇದನ್ನು ಯಾರಿಗೂ ತಿಳಿಯದ ಹಾಗೆ ಯಾಕೆ ಹೇಳಿದರು?’ ಎಂದನು. ಇದಕ್ಕಿಂತ ಒಳ್ಳೆಯ ಪೂರ್ವಪಕ್ಷವನ್ನು ನಾನು ವಿದ್ವದ್ಗೋಷ್ಠಿಗಳಲ್ಲಿಯೂ ಕೇಳಿಲ್ಲ.

ರೂಢಿಯ ಸಮಾಧಾನವೆಂದರೆ, ಅನುಭಾವದ ರಹಸ್ಯವು ಅನಧಿಕಾರಿಗಳ ಕೈಗೆ ಸಿಗಬಾರದೆಂದು ಶರಣರು ಅದನ್ನು ಮರೆಮಾಡಿದರು ಎಂಬುದು. ಈ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಮರೆಮಾಡುವುದೇ ಉದ್ದೇಶವಾಗಿದ್ದರೆ ಅದಕ್ಕೆ ಸಂಸ್ಕೃತವಿತ್ತು, ಆಗಮಗಳ ಪರಿಭಾಷೆಯಿತ್ತು. ಕನ್ನಡವನ್ನು ಆರಿಸಿಕೊಂಡು, ಆ ಕನ್ನಡದಲ್ಲಿಯೂ ಅತ್ಯಂತ ಬಳಕೆಯ ಮಾತುಗಳನ್ನೇ ಹೆಕ್ಕಿಕೊಂಡು ಯಾರೂ ಗುಟ್ಟನ್ನು ಕಾಯುವುದಿಲ್ಲ. ಇರುವೆ, ಕಪ್ಪೆ, ನೊಣ, ಕೋತಿ, ಬೆಂಕಿ, ಕೆರೆ, ಮರ, ಮನೆ: ಬೆಡಗಿನ ವಚನಗಳ ಸಾಮಗ್ರಿ ಇಂತಹದು. ಬಿಡಿಬಿಡಿಯಾಗಿ ಇವುಗಳಲ್ಲಿ ಐದು ವರ್ಷದ ಮಗುವಿಗೆ ತಿಳಿಯದ ಒಂದು ಪದವೂ ಇಲ್ಲ. ಎಲ್ಲವೂ ತಿಳಿದಿದ್ದು, ಕೂಡಿದಾಗ ಮಾತ್ರ ತಿಳಿಯದಾಗುತ್ತದೆ.

ಇದರ ಪರಿಣಾಮವನ್ನು ಗಮನಿಸಬೇಕು. ಶಾಸ್ತ್ರಗ್ರಂಥವೊಂದರ ಎದುರಿನಲ್ಲಿ ಪಂಡಿತನೂ ಪಾಮರನೂ ಸಮಾನರಾಗಲಾರರು. ಓದಿದವನಿಗೆ ಅಲ್ಲಿ ಮೇಲುಗೈ. ಬೆಡಗಿನ ವಚನದ ಎದುರಿನಲ್ಲಿ ಪಂಡಿತನ ವ್ಯಾಕರಣವೂ ತರ್ಕವೂ ಅವನಿಗೆ ನೆರವಾಗುವುದಿಲ್ಲ. ಬುಟ್ಟಿ ಹೆಣೆಯುವವನೂ ಭಾಷ್ಯ ಬರೆಯುವವನೂ ಒಂದೇ ಸಾಲಿನಲ್ಲಿ ಬೆರಗಾಗಿ ನಿಲ್ಲುತ್ತಾರೆ. ಹುಟ್ಟಿನಿಂದಲೂ ವಿದ್ಯೆಯಿಂದಲೂ ಬಂದ ಮೇಲುಕೀಳನ್ನು ಅಲ್ಲಗಳೆದ ಶರಣರು ತಿಳಿವಿನ ಮೇಲುಕೀಳನ್ನೂ ಈ ನುಡಿಯಿಂದ ಅಲ್ಲಗಳೆದರು ಎಂದು ನಾನು ತಿಳಿಯುತ್ತೇನೆ. ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು. ‘ತಿಳಿಯಿತು’ ಎಂದು ಯಾರೂ ಬೇಗನೆ ಹೇಳಿಬಿಡದಿರಲೆಂದು ಬೆಡಗಿನಲ್ಲಿ ಹೇಳಿದರು. ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇದೇ. ಇಂದಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ.

(೬)

ಶರಣರ ಕಾಲದ ತರುವಾಯ ಈ ವಚನಗಳು ನಮಗೆ ಹೇಗೆ ಬಂದವು? ೧೫ನೆಯ ಶತಮಾನವು ವಚನಗಳ ಸಂಗ್ರಹದ ಕಾಲ. ವಿಜಯನಗರದಲ್ಲಿ ಪ್ರೌಢದೇವರಾಯನ (ಆಳ್ವಿಕೆ ೧೪೨೪–೧೪೪೬) ಆಶ್ರಯದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರೂ ವಿರಕ್ತರೂ ಶರಣವಾಙ್ಮಯವನ್ನು ಕೂಡಿಸಿ ಕ್ರಮಪಡಿಸುವ ಮಹಾಕಾರ್ಯದಲ್ಲಿ ತೊಡಗಿದರು. ಅವರಿಲ್ಲದಿದ್ದರೆ ಇಂದು ನಾವು ಚರ್ಚಿಸುವುದಕ್ಕೆ ವಚನಗಳೇ ಇರುತ್ತಿರಲಿಲ್ಲ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಬೆಡಗಿನ ವಚನಗಳನ್ನು ಉಳಿಸಿಕೊಳ್ಳುವುದಕ್ಕೆ ಆ ಕಾಲವು ಎರಡು ಮಾರ್ಗಗಳನ್ನು ಕಂಡುಕೊಂಡಿತು. ಒಂದು ಟೀಕೆಯ ಮಾರ್ಗ. ಕಲ್ಲುಮಠದ ಪ್ರಭುದೇವನ ‘ಲಿಂಗಲೀಲಾವಿಲಾಸ ಚಾರಿತ್ರ’ದಂತಹ ಗ್ರಂಥಗಳಲ್ಲಿ ವಚನದ ಪದಪದಕ್ಕೂ ತಾತ್ತ್ವಿಕಾರ್ಥವನ್ನು ಹೇಳುವ ಕ್ರಮವಿದೆ. ಈ ಪ್ರಾಣಿಯೆಂದರೆ ಜೀವ, ಈ ಮರವೆಂದರೆ ಶರೀರ, ಈ ಬೆಂಕಿಯೆಂದರೆ ಜ್ಞಾನ ಎಂಬ ಬಗೆಯದು. ಇನ್ನೊಂದು ಸಂಪಾದನೆಯ ಮಾರ್ಗ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಪರಿಷ್ಕರಿಸಿದ ‘ಶೂನ್ಯಸಂಪಾದನೆ’ಯಲ್ಲಿ ವಚನಗಳನ್ನು ಸಂವಾದದೊಳಗೆ ಕೂಡಿಸಲಾಗಿದೆ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಈ ಮಾತನ್ನು ಆಡಿದರು ಎಂಬುದನ್ನು ಕಟ್ಟಿಕೊಡುವುದು ಅದರ ಕ್ರಮ.

ಟೀಕೆಯು ‘ಈ ಮಾತಿನ ಅರ್ಥವೇನು?’ ಎಂದು ಕೇಳುತ್ತದೆ. ಸಂಪಾದನೆಯು ‘ಈ ಮಾತು ಎದುರಿಗಿದ್ದವನಿಗೆ ಏನು ಮಾಡಿತು?’ ಎಂದು ಕೇಳುತ್ತದೆ. ಮುಕ್ತಾಯಕ್ಕ, ಸಿದ್ಧರಾಮ, ಗೋರಕ್ಷರಂತಹವರು ಪ್ರಭುದೇವರ ನುಡಿಗೆ ಎದುರಾಗಿ ವಾದಿಸುತ್ತಾರೆ, ತಡವರಿಸುತ್ತಾರೆ, ಕೊನೆಗೆ ಬದಲಾಗುತ್ತಾರೆ. ತಾನು ಬಲ್ಲೆನೆಂದು ಬಂದವನ ಬಲ್ಲತನವನ್ನು ಸಡಿಲಿಸುವುದೇ ಅಲ್ಲಿ ನುಡಿಯ ಕಾರ್ಯ. ಬೆಡಗಿನ ಸ್ವಭಾವಕ್ಕೆ ಈ ಎರಡನೆಯ ಮಾರ್ಗವೇ ಹತ್ತಿರವಾದದ್ದೆಂದು ನನ್ನ ನಂಬಿಕೆ.

ಹಾಗೆಂದು ಟೀಕೆಗಳನ್ನು ತಳ್ಳಿಹಾಕುವ ಇಂದಿನ ಕೆಲವರ ಪ್ರವೃತ್ತಿಯನ್ನು ನಾನು ಅನುಮೋದಿ‌ಸಲಾರೆ. ಬೆಡಗಿಗೆ ಅರ್ಥವೇ ಬೇಡ, ಅದು ಕನಸಿನಂತೆ ಮನಬಂದ ಚಿತ್ರಗಳ ಸರಣಿ ಎನ್ನುವುದು ಶರಣರ ಸಾಧನೆಗೆ ಮಾಡುವ ಅನ್ಯಾಯ. ಷಟ್‌ಸ್ಥಲದ ಹಿನ್ನೆಲೆ, ಯೋಗದ ಪರಿಭಾಷೆ, ಅಂಗಲಿಂಗಸಂಬಂಧದ ತತ್ತ್ವ ಇವುಗಳನ್ನು ಟೀಕಾಕಾರರು ಕಾಯ್ದಿಡದಿದ್ದರೆ ನಾವು ಕತ್ತಲೆಯಲ್ಲಿ ತಡಕಾಡಬೇಕಾಗಿತ್ತು. ಕರ್ನಾಟಕ ಸರ್ಕಾರವು ೧೯೯೩ರಿಂದ ಪ್ರಕಟಿಸಿದ ಹದಿನೈದು ‘ಸಮಗ್ರ ವಚನ ಸಂಪುಟ’ಗಳಲ್ಲಿ ಕೊನೆಯದು ಪರಿಭಾಷಾಕೋಶವಾಗಿರುವುದು ಸರಿಯಾಗಿಯೇ ಇದೆ. ಆದರೆ ಕೋಶವು ಕೋಶವೇ. ಒಂದು ವಚನದಲ್ಲಿ ಜೀವವೆನಿಸಿದ ಪ್ರಾಣಿ ಮತ್ತೊಂದರಲ್ಲಿ ಬೇರೆಯೇ ಆಗುತ್ತದೆ. ಒಂದೆಡೆ ಸುಡುವ ಬೆಂಕಿ ಇನ್ನೊಂದೆಡೆ ಬೆಳಗುತ್ತದೆ. ಪದಕ್ಕೆ ಪದವನ್ನಿಟ್ಟು ಬದಲಿಸಿದರೆ ಉಳಿಯುವುದು ಜೀವ, ಶರೀರ, ಜ್ಞಾನ ಎಂಬ ನಮಗೆ ಮೊದಲೇ ಗೊತ್ತಿದ್ದ ಮಾತುಗಳು. ಗೊತ್ತಿದ್ದನ್ನೇ ಹೇಳುವುದಕ್ಕೆ ಪ್ರಭುದೇವರು ಅಷ್ಟು ಶ್ರಮಪಡಬೇಕಾಗಿತ್ತೇ?

(೭)

ಉದಾಹರಣೆಗೆ ಒಂದು ಪ್ರಸಿದ್ಧ ವಚನದ ಸಾರವನ್ನು ನನ್ನ ಮಾತಿನಲ್ಲಿ ನಿರೂಪಿಸುತ್ತೇನೆ. ಒಂದು ಜಿಂಕೆ, ಅದಕ್ಕಿರುವುದು ಹುಲಿಯ ಮುಖ. ಒಂದು ಹುಲಿ, ಅದಕ್ಕಿರುವುದು ಜಿಂಕೆಯ ಮುಖ. ಎರಡೂ ಸೊಂಟದಲ್ಲಿ ಬೆಸೆದುಕೊಂಡಿವೆ. ಅವುಗಳ ಪಕ್ಕಕ್ಕೆ ಮತ್ತೊಂದು ಬಂದು ಮೇಯತೊಡಗುತ್ತದೆ. ಕೊನೆಗೆ ಶಿರವಿಲ್ಲದ ಮುಂಡವೊಂದು ಒಣಗಿದ ಎಲೆಯನ್ನು ಮೇಯುವಾಗ ಎಲ್ಲವೂ ಇಲ್ಲವಾಗುತ್ತದೆ.

ಹುಲಿ ಯಾವುದರ ಸಂಕೇತ, ಜಿಂಕೆ ಯಾವುದರ ಸಂಕೇತ ಎಂದು ಕೂಡಲೇ ಕೇಳದೆ ಈ ಚಿತ್ರದ ಮುಂದೆ ಕೊಂಚ ಹೊತ್ತು ನಿಲ್ಲೋಣ. ಕಾಡಿನ ಅಂಚಿನಲ್ಲಿ ಬಾಳುವ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯವರಿಗೆ ಇದು ಕಷ್ಟವೇನಲ್ಲ. ಹುಲಿಯನ್ನು ಕಣ್ಣಾರೆ ಕಂಡವರು ವಿರಳ. ಜಿಂಕೆಯ ಎಚ್ಚರಿಕೆಯ ಕೂಗಿನಿಂದಲೇ ಹುಲಿ ಇದೆಯೆಂದು ತಿಳಿಯುತ್ತದೆ. ಎಂದರೆ ಹುಲಿಯು ಕಾಡಿನಲ್ಲಿ ಇರುವಂತೆಯೇ ಜಿಂಕೆಯ ಭಯದಲ್ಲಿಯೂ ಇದೆ. ಜಿಂಕೆಯು ಬಯಲಿನಲ್ಲಿ ಇರುವಂತೆಯೇ ಹುಲಿಯ ಹಸಿವಿನಲ್ಲಿಯೂ ಇದೆ. ಒಂದರ ತಲೆಯಲ್ಲಿ ಇನ್ನೊಂದು ಯಾವಾಗಲೂ ಇದ್ದೇ ಇರುತ್ತದೆ. ಇದು ಕಾಡನ್ನು ಬಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿರುವುದರಿಂದಲೇ ನಾವು ಅದನ್ನು ನೋಡುವುದಿಲ್ಲ. ಪ್ರಭುದೇವರು ತಲೆಗಳನ್ನು ಅದಲುಬದಲು ಮಾಡಿದೊಡನೆ ಅದು ಕಣ್ಣಿಗೆ ಹೊಡೆದಂತೆ ತೋರುತ್ತದೆ.

ಅಟ್ಟಿಬರುವುದೂ ಓಡಿಹೋಗುವುದೂ ಒಂದೇ ಸೊಂಟದಲ್ಲಿ ಬೆಸೆದಿದ್ದರೆ ಯಾರು ಯಾರನ್ನು ತಿನ್ನಬೇಕು? ಬಯಸುವ ಮನಸ್ಸು, ಬಯಕೆಗೆ ಹೆದರಿ ಓಡುವ ಮನಸ್ಸು, ಇವೆರಡೂ ನಮ್ಮಲ್ಲಿ ಹೀಗೆಯೇ ಬೆಸೆದಿಲ್ಲವೇ? ಪಕ್ಕದಲ್ಲಿ ಮೇಯುವ ಮತ್ತೊಂದು ಯಾವುದು? ಇವೆರಡನ್ನೂ ನೋಡುತ್ತಿರುವ ‘ನಾನು’ ಎಂಬುದೇ ಅದಾಗಿರಬಹುದೇ? ಶಿರವಿಲ್ಲದ ಮುಂಡಕ್ಕೆ ಬಾಯಿಯೆಲ್ಲಿ, ಹಸಿವೆಲ್ಲಿ? ಬೇಟೆಯ ಬಿಸಿರಕ್ತವೂ ಇಲ್ಲ, ಹಸಿರು ಹುಲ್ಲೂ ಇಲ್ಲ, ತರಗೆಲೆ ಮಾತ್ರ. ತಲೆ ಹೋದೊಡನೆ ಹುಲಿಯೂ ಇಲ್ಲ ಜಿಂಕೆಯೂ ಇಲ್ಲ.

ಇದೇ ಸರಿಯಾದ ಅರ್ಥವೆಂದು ನಾನು ಸಾಧಿಸುವುದಿಲ್ಲ. ಟೀಕೆಯನ್ನು ಬಲ್ಲವರು ಇಲ್ಲಿ ಜೀವ, ಮಾಯೆ, ಅರಿವುಗಳನ್ನು ಇದಕ್ಕಿಂತ ಖಚಿತವಾಗಿ ಗುರುತಿಸಿಯಾರು. ನನ್ನ ಮಾತಿಷ್ಟೆ: ಚಿತ್ರದ ಮುಂದೆ ನಿಂತವನಿಗೆ ಟೀಕೆಯು ಬೆಳಕಾಗುತ್ತದೆ, ನಿಲ್ಲದೆ ಬಂದವನಿಗೆ ಅದು ಬರಿಯ ಪಟ್ಟಿಯಾಗುತ್ತದೆ.

(೮)

ಇನ್ನು ಪರಭಾಷೆಗೆ ಹೋದಾಗ ಬೆಡಗಿಗೆ ಏನಾಯಿತು? ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಗ್ರಂಥವು ವಚನಗಳನ್ನು ಜಗತ್ತಿನ ಓದುಗರ ಮುಂದಿಟ್ಟಿತು. ಮೇಲೆ ಹೇಳಿದ ಹುಲಿಜಿಂಕೆಗಳ ವಚನವೂ ಅದರಲ್ಲಿದೆ. ಅವರು ಬೆಡಗಿನ ವಚನವೆಂಬುದಕ್ಕೆ ‘ಫ್ಯಾನ್ಸಿ’ ಎಂಬ ಇಂಗ್ಲಿಷ್ ಪದವನ್ನು ಬಳಸಿದರು. ನಮ್ಮ ಪೇಟೆಗಳಲ್ಲಿ ಬಳೆ, ರಿಬ್ಬನ್ನು, ಹಣೆಬೊಟ್ಟುಗಳನ್ನು ಮಾರುವ ಅಂಗಡಿಗೆ ‘ಫ್ಯಾನ್ಸಿ ಸ್ಟೋರ್’ ಎಂಬ ಫಲಕವಿರುವುದನ್ನು ಕಂಡವರಿಗೆ ಪ್ರಭುದೇವರ ವಚನಕ್ಕೆ ಈ ಪದವೇ ಎಂದು ನಗು ಬರಬಹುದು. ಆದರೆ ಅನುವಾದಕರನ್ನು ಲಘುವಾಗಿ ಕಾಣಲಾಗದು. ಫ್ಯಾನ್ಸಿ ಎಂಬುದು ‘ಫ್ಯಾಂಟಸಿ’ ಎಂಬ ಪದದ ಸಂಕ್ಷಿಪ್ತರೂಪ. ಅದರ ಗ್ರೀಕ್ ಮೂಲದಲ್ಲಿ ಅರ್ಥ ಮನಸ್ಸಿಗೆ ತೋರುವುದು, ಕಾಣಿಸಿಕೊಳ್ಳುವುದು. ಕಲ್ಪನಾಶಕ್ತಿಯ ಹೆಸರಾಗಿದ್ದ ಪದವು ಬಳೆಯಂಗಡಿಯ ಫಲಕವಾಯಿತು. ಅದೂ ಬೆಡಗಿನಂತೆಯೇ ಎತ್ತರದಿಂದ ಇಳಿದ ಮಾತು. ಇಳಿದ ಮಾತಿಗೆ ಇಳಿದ ಮಾತನ್ನು ಜೋಡಿಸಿದ ಅನುವಾದದಲ್ಲಿ ಚೆಲುವಿನ ಅಂಶ ಉಳಿಯಿತು. ಬೆರಗಿನ ಅಂಶ ಇಂದಿನ ಓದುಗನಿಗೆ ತಲುಪುವುದು ಅನುಮಾನ. ಈ ಕೊರತೆಯನ್ನು ಅವರ ಅನುವಾದಗಳೇ ತುಂಬಿಕೊಟ್ಟಿವೆ ಎಂಬುದನ್ನೂ ಹೇಳಬೇಕು. ಹೆಸರು ಹಗುರವಾದರೂ ವಚನಗಳು ಆ ಭಾಷೆಯಲ್ಲಿಯೂ ಭಾರವಾಗಿಯೇ ನಿಂತಿವೆ. ಕನ್ನಡದಲ್ಲಿ ಡಿ. ಆರ್. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವಪ್ರತಿಭೆ’ (೧೯೯೯) ಈ ವಚನಗಳನ್ನು ಶೈವದರ್ಶನಗಳ ವಿಶಾಲವಾದ ಹಿನ್ನೆಲೆಯಲ್ಲಿಟ್ಟು ನೋಡಿತು. ಅಭ್ಯಾಸಿಗಳು ಈ ಎರಡನ್ನೂ ಓದಬೇಕು.

ಪರಭಾಷೆಯ ಮಾತು ಹಾಗಿರಲಿ. ನಮ್ಮಲ್ಲಿಯೇ ಇಂದು ಪತ್ರಿಕೆಗಳಲ್ಲಿ ‘ಬೆಡಗಿ’ ಎಂದರೆ ಚಲನಚಿತ್ರದ ನಟಿ, ‘ಬೆಡಗು’ ಎಂದರೆ ಉಡುಪಿನ ಥಳುಕು. ತರಗತಿಯಲ್ಲಿ ‘ಬೆಡಗು’ ಎಂದರೆ ಎರಡು ಅಂಕದ ಪ್ರಶ್ನೆ. ಶರಣರು ಮಾಡಿದ್ದೇನೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ತಿಳಿವು ತೋರಿಕೆಯಾಗಿ ಇಳಿಯುವುದು ಮಾತಿನ ಲೋಕದ ಸಹಜಗತಿ. ಬಿನ್ನಾಣ, ಕ್ವೇಂಟ್, ಫ್ಯಾನ್ಸಿಗಳು ಅದಕ್ಕೆ ಸಾಕ್ಷಿ. ಆ ಗತಿಯನ್ನು ಹಿಂದಕ್ಕೆ ತಿರುಗಿಸಿ, ತೋರಿಕೆಯ ಲೋಕದಿಂದಲೇ ಹೊರಟು ಕೇಳುಗನನ್ನು ತಿಳಿವಿನ ಕಡೆಗೆ ಹತ್ತಿಸಿದುದು ಬೆಡಗಿನ ವಚನಗಳ ಸಾಧನೆ. ನಾವು ಅವುಗಳನ್ನು ಮತ್ತೆ ಒಗಟಿಗೋ ಥಳುಕಿಗೋ ಇಳಿಸಿದರೆ ಹತ್ತಿದ ದಾರಿಯನ್ನು ಕಳೆದುಕೊಳ್ಳುತ್ತೇವೆ.

ಆದುದರಿಂದ ಬೋಧಕಮಿತ್ರರಲ್ಲಿ ಒಂದು ವಿನಂತಿ. ಬೆಡಗಿನ ವಚನವನ್ನು ಪಾಠಮಾಡುವಾಗ ಮೊದಲನೆಯ ದಿನ ಅರ್ಥವನ್ನು ಹೇಳದೆ ಗಟ್ಟಿಯಾಗಿ ಎರಡು ಸಲ ಓದಿ ಬಿಡಿ. ಏನು ಕಂಡಿತೆಂದು ಮಕ್ಕಳನ್ನು ಕೇಳಿ. ಅವರು ನಕ್ಕರೆ ನಗಲಿ, ಹೆದರಿದರೆ ಹೆದರಲಿ. ಎರಡನೆಯ ದಿನ ಆ ಮಾತನ್ನು ಯಾರು ಯಾರಿಗೆ ಹೇಳಿದರೆಂಬ ಸಂದರ್ಭವನ್ನು ಶೂನ್ಯಸಂಪಾದನೆಯಿಂದ ತಿಳಿಸಿ. ಟೀಕೆಯನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ನಿತ್ಯಪಾರಾಯಣ ಮಾಡುವ ಭಕ್ತರೂ ಇದೇ ಕ್ರಮವನ್ನು ಅನುಸರಿಸಬಹುದು. ತಿಳಿಯದ ವಚನಕ್ಕೆ ಕೈಮುಗಿಯುವುದು ತಪ್ಪಲ್ಲ. ಕೈಮುಗಿದ ಮೇಲೆ ಪುಟವನ್ನು ತಿರುವದೆ ಅದನ್ನು ಮತ್ತೊಮ್ಮೆ ಓದಬೇಕು.